ನಟ್ಟು ಅಲುಗಲಿಲ್ಲ, ಸ್ಟೆಪ್ನಿಯಲ್ಲಿ ಗಾಳಿ ಇರಲಿಲ್ಲ: ನಾನು ತಪ್ಪಿದ್ದೆಲ್ಲಿ?

ಪ್ರಶ್ನೆ: ಆರು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡೆ. ಹೋದ ವಾರ ರಾತ್ರಿ ಓಡಿಸುವಾಗ ಕಾರು ಎಡಕ್ಕೆ ಎಳೆಯತೊಡಗಿತು. ನಿಲ್ಲಿಸಲು ಒಳ್ಳೆಯ ಜಾಗ ಸಿಗಲಿ ಅಂತ ನಿಧಾನವಾಗಿ ಎರಡು ಕಿಲೋಮೀಟರ್ ಹೋದೆ. ಇಳಿದು ನೋಡಿದರೆ ಮುಂದಿನ ಎಡ ಟೈರು ಪೂರ್ತಿ ಚಪ್ಪಟೆ. ಹ್ಯಾಂಡ್‌ಬ್ರೇಕ್ ಎಳೆದು, ಜಾಕ್ ಹಾಕಿ ಎತ್ತಿದೆ. ನಟ್ಟು ಬಿಚ್ಚಲು ಹೋದರೆ ಚಕ್ರವೇ ತಿರುಗಿತು. ಇಳಿಸಿ ಮತ್ತೆ ಪ್ರಯತ್ನಿಸಿದೆ, ಒಂದು ನಟ್ಟೂ ಅಲುಗಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ಪಾನಾ ಮೇಲೆ ಹತ್ತಿ ನಿಂತು ಬಿಚ್ಚಿಕೊಟ್ಟರು. ಸ್ಟೆಪ್ನಿ ಹಾಕಿ ಕಾರು ಇಳಿಸಿದರೆ ಅದರಲ್ಲೂ ಗಾಳಿ ಇರಲಿಲ್ಲ! ಅವರ ಪಂಪಿನಿಂದಲೇ ಗಾಳಿ ತುಂಬಿಕೊಂಡು ಮನೆ ಸೇರಿದೆ. ಮರುದಿನ ಪಂಕ್ಚರ್ ಅಂಗಡಿಯವರು ಚಿಕ್ಕ ಮೊಳೆ ತೋರಿಸಿ, ‘ಟೈರು ಹೋಯಿತು, ಹೊಸದೇ ಹಾಕಬೇಕು’ ಅಂದರು. ಒಂದು ಮೊಳೆಗೆ ಟೈರೇ ಹೋಗುತ್ತದೆಯೇ? ಹೊಸದು ಒಂದು ಸಾಕೋ, ಎರಡೋ, ನಾಲ್ಕೋ? ಇನ್ನೊಮ್ಮೆ ಹೀಗಾಗದಂತೆ ಏನೇನು ನೋಡಿಕೊಳ್ಳಬೇಕು? ಅಂದಹಾಗೆ, ಈಗ ಸ್ಟೆಪ್ನಿಯಲ್ಲೇ ಓಡಿಸುತ್ತಿದ್ದೇನೆ. ಸ್ಟೀರಿಂಗ್ ಸ್ವಲ್ಪ ನಡುಗುತ್ತದೆ.

ಉತ್ತರ: ನೀವು ಕೊನೆಯಲ್ಲಿ ‘ಅಂದಹಾಗೆ’ ಅಂತ ಬರೆದಿರಲ್ಲ, ಅಲ್ಲಿಂದಲೇ ಶುರುಮಾಡುತ್ತೇನೆ. ಚಕ್ರ ಬದಲಾಯಿಸಿದ ಮೇಲೆ ಸ್ಟೀರಿಂಗ್ ನಡುಗಿದರೆ ಮೊದಲ ಅನುಮಾನ ನಟ್ಟಿನ ಮೇಲೆ. ಮುಂದಕ್ಕೆ ಓದುವುದು ಆಮೇಲೆ ಇರಲಿ, ಮೊದಲು ಹೋಗಿ ನೋಡಿ ಬನ್ನಿ. ಕಾರು ಸಮನೆಲದಲ್ಲಿರಲಿ, ನಾಲ್ಕೂ ಚಕ್ರ ನೆಲದ ಮೇಲೇ ಇರಲಿ. ಪಾನಾ ಹಾಕಿ ಒಂದೊಂದೇ ನಟ್ಟನ್ನು ಬಿಗಿ ಮಾಡಿ. ಯಾವುದಾದರೂ ಸುಲಭವಾಗಿ ತಿರುಗಿದರೆ ಅದು ಸಡಿಲವಿತ್ತು ಅಂತಲೇ ಅರ್ಥ. ಹಾಗಿದ್ದರೆ ಮೇಲೆ ಮೇಲೆ ಬಿಗಿದು ಓಡಿಸಬೇಡಿ. ಚಕ್ರ ಓರೆಯಾಗಿ ಕೂತಿರಬಹುದು. ಕಾರನ್ನು ಮತ್ತೆ ಎತ್ತಿ, ನಟ್ಟುಗಳನ್ನು ಸಡಿಲಿಸಿ, ಚಕ್ರವನ್ನು ಸರಿಯಾಗಿ ಕೂರಿಸಿ ಬಿಗಿಯಬೇಕು. ಸಡಿಲ ನಟ್ಟಿನಲ್ಲಿ ಜಾಸ್ತಿ ದೂರ ಓಡಿದ್ದರೆ ರಿಮ್ಮಿನ ತೂತು ಅಗಲವಾಗಿರಬಹುದು, ಬೋಲ್ಟು ಸವೆದಿರಬಹುದು. ಅದನ್ನು ಗ್ಯಾರೇಜಿನಲ್ಲಿ ಒಮ್ಮೆ ತೋರಿಸಿಬಿಡಿ.

ನಟ್ಟೆಲ್ಲಾ ಬಿಗಿಯಾಗಿಯೇ ಇದ್ದರೆ ಗಾಬರಿ ಬೇಡ. ನಡುಕ ಯಾವಾಗ ಬರುತ್ತದೆ ಅಂತ ಗಮನಿಸಿ. ನಿಧಾನಕ್ಕೆ ಹೋಗುವಾಗ ಇಲ್ಲ, 80ರಿಂದ 100 ಕಿ.ಮೀ. ವೇಗದಲ್ಲಿ ಮಾತ್ರ ಬರುತ್ತದೆ ಅಂದರೆ ಬ್ಯಾಲೆನ್ಸಿಂಗ್, ಅಂದರೆ ಚಕ್ರದ ಸುತ್ತಲಿನ ತೂಕದ ಸಮತೋಲ, ತಪ್ಪಿದೆ. ಸ್ಟೆಪ್ನಿಗೆ ಬ್ಯಾಲೆನ್ಸಿಂಗ್ ಮಾಡಿಸುವವರು ಕಡಿಮೆ. ಎಲ್ಲಾ ವೇಗದಲ್ಲೂ ನಡುಗಿದರೆ ಟೈರಿನ ಆಕಾರವೇ ಕೆಟ್ಟಿರಬಹುದು. ವರ್ಷಗಟ್ಟಲೆ ಡಿಕ್ಕಿಯಲ್ಲಿ ಗಾಳಿಯಿಲ್ಲದೆ ಮಲಗಿದ್ದ ಟೈರು ತಾನೇ, ದುಂಡಗೆ ಉಳಿದಿರುತ್ತದೆ ಅಂತ ನಂಬುವುದು ಕಷ್ಟ.

ಇನ್ನು ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಅಂಗಡಿಯವರು ನಿಮಗೆ ಸುಳ್ಳು ಹೇಳಿದಂತೆ ಕಾಣುತ್ತಿಲ್ಲ. ಟೈರನ್ನು ಕೆಡಿಸಿದ್ದು ಮೊಳೆಯಲ್ಲ, ಆಮೇಲೆ ಓಡಿದ ಆ ಎರಡು ಕಿಲೋಮೀಟರ್. ಕಾರಿನ ಭಾರ ಹೊರುವುದು ರಬ್ಬರ್ ಅಂತ ನಾವು ಅಂದುಕೊಳ್ಳುತ್ತೇವೆ. ನಿಜಕ್ಕೂ ಹೊರುವುದು ಒಳಗಿನ ಗಾಳಿ. ಟೈರು ಆ ಗಾಳಿಯನ್ನು ಹಿಡಿದಿಟ್ಟುಕೊಳ್ಳುವ ಚೀಲ ಅಷ್ಟೇ. ಗಾಳಿ ಹೋದ ಮೇಲೆ ಚಕ್ರದ ಪ್ರತಿ ಸುತ್ತಿಗೂ ಟೈರಿನ ಪಕ್ಕದ ಗೋಡೆ, ಅಂದರೆ ಸೈಡ್‌ವಾಲ್, ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕಿ ಅರೆಯುತ್ತದೆ. ಅದರೊಳಗಿನ ದಾರದ ಎಳೆಗಳು ತುಂಡಾಗುತ್ತವೆ. ಹೊರಗಿನಿಂದ ಎಷ್ಟೋ ಸಲ ಏನೂ ಕಾಣುವುದಿಲ್ಲ. ಟೈರನ್ನು ರಿಮ್ಮಿನಿಂದ ಬಿಡಿಸಿ ಒಳಗೆ ಕೈಯಾಡಿಸಿ. ಕಪ್ಪು ಪುಡಿ ಕೈಗೆ ಹತ್ತಿದರೆ, ಒಳಗೋಡೆಯ ಸುತ್ತ ಮಡಿಕೆ ಬಿದ್ದ ಹಾಗೆ ಗೆರೆ ಕಂಡರೆ, ಆ ಟೈರಿನ ಕತೆ ಮುಗಿದಿದೆ. ಅದಕ್ಕೆ ಪಂಕ್ಚರ್ ಹಾಕಿ ಗಾಳಿ ತುಂಬಿದರೆ ನಿಲ್ಲಬಹುದು. ಆದರೆ ವೇಗದಲ್ಲಿ ಯಾವತ್ತೋ ಒಂದು ದಿನ ಪಕ್ಕದಿಂದ ಸಿಡಿಯುತ್ತದೆ. ಅಂಗಡಿಯವರನ್ನು ಒಳಭಾಗ ತೋರಿಸಿ ಅಂತ ಕೇಳಿ. ಪುಡಿ, ಗೆರೆ ಏನೂ ಇಲ್ಲದಿದ್ದರೆ ಆಗ ನಿಮ್ಮ ಅನುಮಾನ ಸರಿ. ಇನ್ನೊಬ್ಬರ ಹತ್ತಿರ ತೋರಿಸಿ.

ಹಾಗಾದರೆ ಎರಡು ಕಿಲೋಮೀಟರ್ ಹೋಗಿದ್ದು ತಪ್ಪಾ? ನಾನು ತಪ್ಪು ಅನ್ನುವುದಿಲ್ಲ. ಕತ್ತಲೆ, ತಿರುವು, ಹಿಂದೆ ಲಾರಿಗಳು, ಅಂಥ ಕಡೆ ನಿಲ್ಲಿಸುವುದಕ್ಕಿಂತ ಟೈರು ಹಾಳಾದರೂ ಮುಂದೆ ಹೋಗುವುದೇ ಮೇಲು. ಟೈರು ಇನ್ನೊಂದು ಸಿಗುತ್ತದೆ. ಆದರೆ ಅಗಲವಾದ ಅಂಚು ಮುನ್ನೂರು ಮೀಟರಿನಲ್ಲೇ ಸಿಕ್ಕಿದ್ದರೆ ಅಲ್ಲೇ ನಿಲ್ಲಿಸಬೇಕಿತ್ತು. ಕಾರು ಒಂದು ಕಡೆ ಎಳೆಯತೊಡಗಿದಾಗ ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು, ಬ್ರೇಕ್ ಜೋರಾಗಿ ಒತ್ತದೆ, ಆಕ್ಸಿಲರೇಟರ್ ಬಿಟ್ಟು ವೇಗ ತಾನಾಗಿ ಇಳಿಯಲು ಬಿಡಿ. ನಾಲ್ಕೂ ಇಂಡಿಕೇಟರ್ ಹಾಕಿ. ನಿಲ್ಲಿಸಿದ ಮೇಲೆ ನೆಲ ಗಟ್ಟಿಯಾಗಿದೆಯೇ, ಸಮವಾಗಿದೆಯೇ ನೋಡಿ. ಇಳಿಜಾರಿನಲ್ಲಿ ಜಾಕ್ ಹಾಕಲೇಬೇಡಿ.

ಈಗ ಚಕ್ರವೇ ತಿರುಗಿದ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ಇದು. ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಎರಡು ಚಕ್ರಗಳನ್ನು ಮಾತ್ರ. ನಿಮ್ಮ ಕಾರು ಮುಂದಿನ ಚಕ್ರಗಳಿಂದ ಓಡುವಂಥದ್ದಾಗಿದ್ದರೆ, ಗೇರ್‌ನಲ್ಲಿ ಇಟ್ಟಾಗ ಎತ್ತಿದ ಚಕ್ರ ಸುಲಭಕ್ಕೆ ತಿರುಗುವುದಿಲ್ಲ. ಎಂಜಿನ್ ಅದನ್ನು ಹಿಡಿದಿರುತ್ತದೆ, ಜೊತೆಗಿರುವ ಇನ್ನೊಂದು ಚಕ್ರ ನೆಲಕ್ಕೆ ಕಚ್ಚಿಕೊಂಡಿರುತ್ತದೆ. ಅದು ಸಲೀಸಾಗಿ ತಿರುಗಿತು ಅಂದರೆ ಕಾರು ನ್ಯೂಟ್ರಲ್‌ನಲ್ಲಿತ್ತು ಅಂತ ನನ್ನ ಊಹೆ. ಅಂದರೆ ಜಾಕಿನ ಮೇಲೆ ನಿಂತ ಕಾರನ್ನು ಹಿಡಿದಿದ್ದು ಒಂದು ಹಳೇ ಹ್ಯಾಂಡ್‌ಬ್ರೇಕ್ ಕೇಬಲ್ ಮಾತ್ರ. ಎಳೆದಾಡುವಾಗ ಕಾರು ಒಂದು ಇಂಚು ಸರಿದಿದ್ದರೂ ಜಾಕ್ ಮಗುಚುತ್ತಿತ್ತು. ಹ್ಯಾಂಡ್‌ಬ್ರೇಕ್ ಜೊತೆಗೆ ಫಸ್ಟ್ ಗೇರ್, ಆಟೋಮ್ಯಾಟಿಕ್ ಆದರೆ ಪಾರ್ಕ್. ಅದರ ಮೇಲೆ, ಎತ್ತುವ ಚಕ್ರಕ್ಕೆ ಕರ್ಣವಾಗಿರುವ ಚಕ್ರದ ಹಿಂದೆ ಮುಂದೆ ಎರಡು ಕಲ್ಲು. ಮುಂದಿನ ಎಡ ಎತ್ತಿದರೆ ಹಿಂದಿನ ಬಲಕ್ಕೆ ಕಲ್ಲು.

ನಟ್ಟನ್ನು ಸಡಿಲಿಸುವುದು ಮೊದಲು, ಎತ್ತುವುದು ಆಮೇಲೆ. ಇದು ನಿಮಗೆ ಈಗ ಗೊತ್ತಾಗಿದೆ, ಬಿಡಿ. ಚಕ್ರ ನೆಲದಲ್ಲಿರುವಾಗ ಪ್ರತಿ ನಟ್ಟನ್ನೂ ಅರ್ಧ ಸುತ್ತು ಮಾತ್ರ ಬಿಡಿಸಿ, ಪೂರ್ತಿ ತೆಗೆಯಬೇಡಿ. ಪಾನಾ ಹಾಕುವಾಗ ಹಿಡಿಕೆ ನಿಮ್ಮ ಎಡಗಡೆಗೆ, ನೆಲಕ್ಕೆ ಸಮನಾಗಿ ಚಾಚಿರಲಿ. ಆಗ ಕೆಳಕ್ಕೆ ಒತ್ತಿದರೆ ನಟ್ಟು ಬಿಚ್ಚುವ ದಿಕ್ಕಿಗೇ ತಿರುಗುತ್ತದೆ. ಕೈಯಿಂದ ಮೇಲಕ್ಕೆ ಎಳೆದು ಸೊಂಟ ಹಿಡಿಸಿಕೊಳ್ಳುವ ಬದಲು ಕಾಲಿನಿಂದ ನಿಧಾನವಾಗಿ ಒತ್ತಬಹುದು. ಒತ್ತಬೇಕು, ಕುಣಿಯಬಾರದು. ಹತ್ತಿ ಕುಣಿದರೆ ಪಾನಾ ಜಾರಿ ನಟ್ಟಿನ ಮೂಲೆಗಳು ಸವೆಯುತ್ತವೆ. ಒಮ್ಮೆ ದುಂಡಗಾದ ನಟ್ಟನ್ನು ರಸ್ತೆ ಮೇಲೆ ಯಾರಿಂದಲೂ ಬಿಚ್ಚಲಾಗುವುದಿಲ್ಲ.

ಆದರೆ ಅದು ಯಾಕೆ ಅಷ್ಟು ಬಿಗಿಯಾಗಿತ್ತು? ನಿಮ್ಮ ತೋಳಿನಲ್ಲಿ ಶಕ್ತಿ ಸಾಲದೆ ಅಲ್ಲ. ಒಂದು ಲೆಕ್ಕ ನೋಡಿ. ಚಿಕ್ಕ, ಮಧ್ಯಮ ಕಾರುಗಳ ನಟ್ಟಿಗೆ ಸಾಮಾನ್ಯವಾಗಿ ಬೇಕಾದ ಬಿಗಿ 90ರಿಂದ 120 ನ್ಯೂಟನ್ ಮೀಟರ್. ಕಾರಿನ ಜೊತೆ ಬರುವ ಪಾನಾ ಸುಮಾರು 25 ಸೆಂಟಿಮೀಟರ್ ಉದ್ದ ಅಂತ ಇಟ್ಟುಕೊಳ್ಳಿ. 100 ನ್ಯೂಟನ್ ಮೀಟರ್ ಬರಬೇಕಾದರೆ ಅದರ ತುದಿಗೆ 40 ಕೆ.ಜಿ.ಯಷ್ಟು ಒತ್ತಿದರೆ ಸಾಕು. ದೊಡ್ಡವರು ಯಾರೇ ಆದರೂ ಮೈಭಾರ ಹಾಕಿ ಇಷ್ಟು ಒತ್ತಬಹುದು. ಗ್ಯಾರೇಜುಗಳಲ್ಲಿ ಗಾಳಿಯಿಂದ ಓಡುವ ಗನ್ ಇರುತ್ತದಲ್ಲ, ಟರ್ರ್ ಅಂತ ಸದ್ದು ಮಾಡುತ್ತದೆ, ಅದನ್ನು ಸುಮ್ನೆ ಹಿಡಿದುಕೊಂಡು ನಿಂತರೆ ಇದರ ಎರಡು ಮೂರು ಪಟ್ಟು ಬಿಗಿಯಾಗಿಬಿಡುತ್ತದೆ. ಅದನ್ನು ಬಿಚ್ಚಲು ಅಷ್ಟೇ ಬಲ ಬೇಕು. ತುಕ್ಕು ಬೇರೆ ಸೇರಿಕೊಂಡರೆ ಇನ್ನೂ ಜಾಸ್ತಿ. ನಮ್ಮವರ ಈ ಚಟ ನನಗೂ ಬೇಸರ. ಅತಿ ಬಿಗಿಯಿಂದ ಬೋಲ್ಟು ಎಳೆದುಕೊಂಡು ಸೊರಗುತ್ತದೆ, ಬ್ರೇಕ್ ಡಿಸ್ಕ್ ಸೊಟ್ಟಗಾಗಬಹುದು. ಇನ್ನು ಮುಂದೆ ಚಕ್ರ ಬಿಚ್ಚಿಸಿದಾಗಲೆಲ್ಲ ‘ಕೊನೆಯ ಬಿಗಿ ಕೈಯಲ್ಲೇ ಮಾಡಿ’ ಅಂತ ನಿಂತು ಹೇಳಿ. ಬಿಗಿ ಎಷ್ಟಾಯಿತು ಅಂತ ಅಳೆದು ತೋರಿಸುವ ಪಾನಾ, ಅಂದರೆ ಟಾರ್ಕ್ ರೆಂಚ್, ಇದ್ದರೆ ಅದರಲ್ಲೇ ಮಾಡಲಿ. ನಿಮ್ಮ ಕಾರಿನ ಸರಿಯಾದ ಅಂಕಿ ಅದರ ಪುಸ್ತಕದಲ್ಲಿ ಇರುತ್ತದೆ.

ನಟ್ಟು ಮುಂದಿನ ಸಲ ಸುಲಭವಾಗಿ ಬರಲಿ ಅಂತ ಬೋಲ್ಟಿನ ತಿರುಪಿನ ಎಳೆಗಳಿಗೆ ಎಣ್ಣೆ ಅಥವಾ ಗ್ರೀಸ್ ಹಚ್ಚುವವರಿದ್ದಾರೆ. ಬೇಡ. ಪುಸ್ತಕದ ಅಂಕಿ ಒಣ ಎಳೆಗಳಿಗೆ ಹೇಳಿದ್ದು. ಎಣ್ಣೆ ಹಚ್ಚಿದರೆ ಅಷ್ಟೇ ಬಲಕ್ಕೆ ಬೋಲ್ಟು ಎಷ್ಟೋ ಜಾಸ್ತಿ ಎಳೆದುಕೊಳ್ಳುತ್ತದೆ.

ಜಾಕ್ ಎಲ್ಲಿ ಇಡಬೇಕು ಅನ್ನುವುದರಲ್ಲಿ ಊಹೆ ಬೇಡ. ಬಾಗಿಲ ಕೆಳಗಿನ ಅಂಚಿನಲ್ಲಿ, ಚಕ್ರದ ಹತ್ತಿರ, ಎರಡು ಕಚ್ಚು ಗುರುತು ಇರುತ್ತವೆ. ಅವುಗಳ ನಡುವಿನ ಜಾಗ ಮಾತ್ರ ಭಾರ ತಡೆಯುವಂತೆ ಮಾಡಿದ್ದು. ಬೇರೆಡೆ ಇಟ್ಟರೆ ತಗಡು ಒಳಕ್ಕೆ ಹೋಗುತ್ತದೆ. ನೆಲ ಮೆತ್ತಗಿದ್ದರೆ ಜಾಕಿನ ಕೆಳಗೆ ಅಗಲವಾದ ಹಲಗೆ ಇಡಿ.

ಇದನ್ನು ನಾನು ಕಲಿತ ರೀತಿ ಹೇಳುತ್ತೇನೆ. ಕೆಲಸ ಕಲಿಯುತ್ತಿದ್ದ ಹೊಸದರಲ್ಲಿ ಮಳೆ ನಿಂತ ಮಣ್ಣಿನ ಮೇಲೆ ಜಾಕ್ ಹಾಕಿ ಚಕ್ರ ಬಿಚ್ಚಿದೆ. ನಮ್ಮ ಮೇಸ್ತ್ರಿ ಬಂದು, ಒಂದು ಮಾತೂ ಆಡದೆ, ಪಕ್ಕದಲ್ಲಿದ್ದ ಸ್ಟೆಪ್ನಿಯನ್ನು ಕಾಲಿನಿಂದ ಕಾರಿನ ಕೆಳಗೆ ತಳ್ಳಿ ಹೋದರು. ಐದು ನಿಮಿಷಕ್ಕೆ ಜಾಕ್ ಮಣ್ಣಿನಲ್ಲಿ ಒಂದು ಕಡೆ ಕುಸಿದು ಮಗುಚಿತು. ಕಾರು ಕೂತಿದ್ದು ಆ ಸ್ಟೆಪ್ನಿಯ ಮೇಲೆ. ಅದಿಲ್ಲದಿದ್ದರೆ ಬ್ರೇಕ್ ಡಿಸ್ಕ್ ನೆಲಕ್ಕೆ ಬೀಳುತ್ತಿತ್ತು, ನನ್ನ ಕೈ ಅಲ್ಲೇ ಇತ್ತು. ಅಂದಿನಿಂದ ಇದು ನನ್ನ ಅಭ್ಯಾಸ: ಎತ್ತಿದ ತಕ್ಷಣ ಸ್ಟೆಪ್ನಿ ಬಾಗಿಲ ಕೆಳಗೆ ಅಡ್ಡ ಮಲಗಬೇಕು. ಸ್ಟೆಪ್ನಿ ಹಾಕುವ ಹೊತ್ತಿಗೆ, ಬಿಚ್ಚಿದ ಚಕ್ರ ಅದರ ಜಾಗಕ್ಕೆ ಹೋಗಬೇಕು. ನೀವು ಮಾತ್ರ ಯಾವ ಕಾರಣಕ್ಕೂ ಕಾರಿನ ಕೆಳಗೆ ಹೋಗಬಾರದು. ಕಾರಿನ ಜೊತೆ ಕೊಡುವ ಜಾಕ್ ಚಕ್ರ ಬದಲಾಯಿಸುವುದಕ್ಕೆ ಮಾತ್ರ. ಅದನ್ನು ನಂಬಿ ಕೆಳಗೆ ಮಲಗುವ ಹಾಗಿಲ್ಲ.

ಕೆಲವು ಸಲ ನಟ್ಟೆಲ್ಲ ಬಿಚ್ಚಿದರೂ ಚಕ್ರ ಹೊರಗೆ ಬರುವುದಿಲ್ಲ. ಚಕ್ರ ಕೂರುವ ನಡುಭಾಗದ, ಅಂದರೆ ಹಬ್‌ನ, ತುಕ್ಕಿಗೆ ಅಂಟಿಕೊಂಡಿರುತ್ತದೆ. ಎತ್ತಿದ ಕಾರಿನ ಚಕ್ರಕ್ಕೆ ಜಾಡಿಸಿ ಒದೆಯಬೇಡಿ. ನಟ್ಟುಗಳನ್ನು ಮತ್ತೆ ಹಾಕಿ, ಕೈಬಿಗಿಗಿಂತ ತುಸು ಸಡಿಲ ಬಿಟ್ಟು, ಕಾರು ಇಳಿಸಿ, ಕಲ್ಲು ತೆಗೆದು, ಒಂದೆರಡು ಅಡಿ ಹಿಂದೆ ಮುಂದೆ ಮಾಡಿ. ಕಾರಿನ ಭಾರವೇ ಅದನ್ನು ಬಿಡಿಸುತ್ತದೆ. ಆಮೇಲೆ ಮೊದಲಿನಿಂದ ಶುರು.

ಹಾಕುವಾಗ ನಟ್ಟಿನ ಓರೆಯಾದ ಮುಖ ರಿಮ್ಮಿನ ಕಡೆಗಿರಲಿ. ಎಲ್ಲವನ್ನೂ ಕೈಯಲ್ಲೇ ತಿರುಗಿಸಿ ಕೂರಿಸಿ. ಆಮೇಲೆ ಪಾನಾದಿಂದ ಎದುರು ಬದುರಾಗಿ ಸ್ವಲ್ಪ ಸ್ವಲ್ಪ ಬಿಗಿಯಿರಿ. ಒಂದರ ಪಕ್ಕದ್ದನ್ನು ಬಿಗಿಯಬೇಡಿ, ಅದರ ಎದುರಿನದ್ದನ್ನು ಬಿಗಿಯಿರಿ. ಐದು ನಟ್ಟಿದ್ದರೆ ಒಂದು ಬಿಟ್ಟು ಒಂದು. ಯಾಕೆ ಅಂದರೆ ಒಂದನ್ನೇ ಪೂರ್ತಿ ಬಿಗಿದರೆ ಚಕ್ರ ಆ ಕಡೆಗೆ ವಾಲಿ ಕೂರುತ್ತದೆ. ಉಳಿದವು ಬಿಗಿಯಾದಂತೆ ಕಾಣುತ್ತವೆ, ಆಗಿರುವುದಿಲ್ಲ. ನಿಮ್ಮ ನಡುಕಕ್ಕೆ ಇದೂ ಕಾರಣ ಇರಬಹುದು. ಕೊನೆಯ ಬಿಗಿ ಕಾರು ನೆಲಕ್ಕೆ ಇಳಿದ ಮೇಲೆ. 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಪಾನಾ ಇಟ್ಟು ನೋಡಬೇಕು. ಇದನ್ನು ಹೆಚ್ಚಿನವರು ಮರೆಯುತ್ತಾರೆ.

ಸ್ಟೆಪ್ನಿಯಲ್ಲಿ ಗಾಳಿ ಇರಲಿಲ್ಲ ಅನ್ನುವುದರಲ್ಲಿ ನನಗೇನೂ ಆಶ್ಚರ್ಯವಿಲ್ಲ. ಯಾವ ಟೈರೇ ಆಗಲಿ, ತೂತಿಲ್ಲದಿದ್ದರೂ, ತಿಂಗಳಿಗೆ ಒಂದೆರಡು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಬಿಡುತ್ತದೆ. ರಬ್ಬರಿನ ಮೂಲಕವೇ ಗಾಳಿ ನಿಧಾನವಾಗಿ ಸೋರುತ್ತದೆ. ಹಳೇ ಮಾಲೀಕರು ಎರಡು ವರ್ಷ ಮುಟ್ಟದಿದ್ದರೆ ಉಳಿಯುವುದೇನು? ನಾನಂತೂ ಸ್ಟೆಪ್ನಿಗೆ ಬೇಕಾದ್ದಕ್ಕಿಂತ ನಾಲ್ಕೈದು ಪಿಎಸ್‌ಐ ಜಾಸ್ತಿಯೇ ಇಡಿಸುತ್ತೇನೆ. ಬೇಕಾದಾಗ ಬಿಡುವುದು ಸುಲಭ, ತುಂಬುವುದು ಕಷ್ಟ. ಅಂದಹಾಗೆ ಈ ‘ಸ್ಟೆಪ್ನಿ’ ಅನ್ನುವ ಹೆಸರು ಒಂದು ಬೀದಿಯದ್ದು. ಮೊದಮೊದಲ ಕಾರುಗಳಿಗೆ ಹೆಚ್ಚುವರಿ ಚಕ್ರವೇ ಇರುತ್ತಿರಲಿಲ್ಲ. 1904ರ ಸುಮಾರಿಗೆ ವೇಲ್ಸ್‌ನ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಸ್ಟ್ರೀಟ್‌ನಲ್ಲಿ, ಪಂಕ್ಚರ್ ಆದ ಚಕ್ರದ ಪಕ್ಕಕ್ಕೇ ಕಚ್ಚಿಸಿ ಓಡಿಸುವ ಗಾಳಿ ತುಂಬಿದ ಬಳೆಯೊಂದನ್ನು ಮಾಡಿ ಮಾರಿದರು. ಆ ವಸ್ತು ಯಾವತ್ತೋ ಹೋಯಿತು, ಹೆಸರು ನಮ್ಮ ಬಾಯಲ್ಲಿ ಉಳಿಯಿತು.

ನಿಮ್ಮ ಸ್ಟೆಪ್ನಿ ಉಳಿದ ನಾಲ್ಕರ ಅಳತೆಯದ್ದೇ ಇದೆಯಾ ನೋಡಿ. ಈಗಿನ ಎಷ್ಟೋ ಕಾರುಗಳಲ್ಲಿ ಸಣ್ಣ, ತೆಳ್ಳಗಿನ ಚಕ್ರ ಕೊಟ್ಟಿರುತ್ತಾರೆ. ಅದರಲ್ಲಿ 80 ಕಿ.ಮೀ. ವೇಗ ದಾಟಬಾರದು ಅಂತ ಅದರ ಮೇಲೇ ಬರೆದಿರುತ್ತದೆ. ಗಾಳಿಯೂ ಬೇರೆ, ಸಾಮಾನ್ಯವಾಗಿ 60 ಪಿಎಸ್‌ಐ. ನೀವು ಒಂದು ವಾರದಿಂದ ಓಡಿಸುತ್ತಿರುವುದು ಅಂಥದ್ದಾದರೆ ಇವತ್ತೇ ನಿಲ್ಲಿಸಿ. ಅದು ಅಂಗಡಿ ತಲುಪುವವರೆಗಿನ ಚಕ್ರ.

ಮೊಳೆ ಸಿಕ್ಕಿದಾಗ ಏನು ಮಾಡಬೇಕಿತ್ತು ಅಂತಲೂ ಹೇಳಿಬಿಡುತ್ತೇನೆ. ಟೈರಿನಲ್ಲಿ ಮೊಳೆ ಕಂಡಿದೆ, ಆದರೆ ಗಾಳಿ ನಿಂತಿದೆ ಅಂದರೆ ಅದನ್ನು ಕೀಳಬೇಡಿ. ಮೊಳೆಯೇ ಅಲ್ಲಿ ಬಿರಡೆ. ಗಾಳಿ ನೋಡಿಕೊಂಡು ನಿಧಾನವಾಗಿ ಅಂಗಡಿಗೆ ಹೋಗಿ. ಅಲ್ಲಿ ಎರಡು ಬಗೆಯ ರಿಪೇರಿ ಮಾಡುತ್ತಾರೆ. ಹೊರಗಿನಿಂದಲೇ ಅಂಟು ಹಚ್ಚಿದ ದಾರದಂಥ ಸ್ಟ್ರಿಪ್ ತುರುಕುವುದು ಒಂದು. ಐದು ನಿಮಿಷದ ಕೆಲಸ, ಚಕ್ರ ಬಿಚ್ಚುವುದೂ ಬೇಡ. ಟೈರು ಬಿಡಿಸಿ, ಒಳಗಿನಿಂದ ಅಣಬೆಯಂಥ ಪ್ಯಾಚ್ ಹಾಕುವುದು ಇನ್ನೊಂದು. ಅಣಬೆಯ ಕಾಲು ತೂತನ್ನು ತುಂಬುತ್ತದೆ, ತಲೆ ಒಳಗಿನಿಂದ ಮುಚ್ಚುತ್ತದೆ. ನನ್ನ ಮತ ಎರಡನೆಯದಕ್ಕೆ. ಸ್ಟ್ರಿಪ್ ಕೆಟ್ಟದ್ದು ಅಂತಲ್ಲ, ತುರ್ತಿಗೆ ಒಳ್ಳೆಯದು. ಆದರೆ ಒಳಗೆ ನೋಡದೆ ಮಾಡುವ ಕೆಲಸ ಅದು. ತೂತಿನ ಸುತ್ತಲಿನ ಉಕ್ಕಿನ ತಂತಿಗೆ ನೀರು ಇಳಿದು ತುಕ್ಕು ಹಿಡಿದಿದೆಯಾ, ಒಳಗೋಡೆ ಅರೆದಿದೆಯಾ, ಯಾವುದೂ ಗೊತ್ತಾಗುವುದಿಲ್ಲ. ನಿಮ್ಮ ಟೈರಿಗೇ ಸುಮ್ನೆ ಸ್ಟ್ರಿಪ್ ಹಾಕಿ ಕಳಿಸಿದ್ದರೆ ನಿಮಗೆ ಖುಷಿಯಾಗುತ್ತಿತ್ತು, ಅಲ್ವಾ?

ರಿಪೇರಿಗೆ ಒಂದು ಮಿತಿ ಇದೆ. ತೂತು 6 ಮಿಲಿಮೀಟರ್ ದಾಟಿರಬಾರದು, ರಸ್ತೆಗೆ ತಾಗುವ ಅಗಲದ ನಡುಭಾಗದಲ್ಲೇ ಇರಬೇಕು. ಭುಜದ ಅಂಚಿನಲ್ಲಿ, ಪಕ್ಕದ ಗೋಡೆಯಲ್ಲಿ ಆದ ತೂತಿಗೆ ರಿಪೇರಿ ಇಲ್ಲ. ಆ ಗೋಡೆ ಪ್ರತಿ ಸುತ್ತಿಗೂ ಬಾಗಿ ನೆಟ್ಟಗಾಗುತ್ತದೆ, ಪ್ಯಾಚ್ ನಿಲ್ಲುವುದಿಲ್ಲ. ಗೋಡೆಯಲ್ಲಿ ನೀರುಗುಳ್ಳೆಯಂತೆ ಉಬ್ಬು ಬಂದಿದ್ದರೂ ಅಷ್ಟೇ, ಒಳಗಿನ ಎಳೆಗಳು ಹರಿದಿವೆ, ಟೈರು ತೆಗೆಯಬೇಕು. ಇನ್ನೊಂದು ಕಡೆ, ಮೊಳೆಯೂ ಇಲ್ಲ, ತೂತೂ ಇಲ್ಲ, ಆದರೂ ವಾರಕ್ಕೊಮ್ಮೆ ಗಾಳಿ ಇಳಿಯುತ್ತದೆ ಅಂದರೆ ವಾಲ್ವಿನ ಬಾಯಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಬಂದರೆ ಒಳಗಿನ ಚಿಕ್ಕ ಪಿನ್ ಬದಲಾಯಿಸಿದರೆ ಮುಗಿಯಿತು.

ಹೊಸ ಟೈರು ಎಷ್ಟು? ಉಳಿದ ಮೂರು ಹೇಗಿವೆ ಅನ್ನುವುದರ ಮೇಲೆ ಹೋಗುತ್ತದೆ. ಟೈರಿನ ಗೀರುಗಳ ತಳದಲ್ಲಿ ಅಲ್ಲಲ್ಲಿ ಚಿಕ್ಕ ರಬ್ಬರ್ ದಿಣ್ಣೆಗಳಿರುತ್ತವೆ, 1.6 ಮಿ.ಮೀ. ಎತ್ತರದವು. ಗೀರು ಆ ದಿಣ್ಣೆಯ ಮಟ್ಟಕ್ಕೆ ಸವೆದರೆ ಟೈರಿನ ಆಯುಸ್ಸು ಮುಗಿಯಿತು. ನಾನು ಅಷ್ಟರವರೆಗೆ ಕಾಯುವುದಿಲ್ಲ. 3 ಮಿ.ಮೀ.ಗೆ ಬಂದರೆ ಹೊಸದರ ಯೋಚನೆ ಮಾಡುತ್ತೇನೆ. ಒದ್ದೆ ರಸ್ತೆಯಲ್ಲಿ ನೀರನ್ನು ಆಚೆ ತಳ್ಳುವುದು ಆ ಗೀರುಗಳೇ. ಆಳ ಕಡಿಮೆಯಾದಷ್ಟೂ ಟೈರು ನೀರಿನ ಮೇಲೆ ತೇಲತೊಡಗುತ್ತದೆ. ಆಮೇಲೆ ವಯಸ್ಸು ನೋಡಿ. ಸೈಡ್‌ವಾಲಿನಲ್ಲಿ ‘ಡಿಒಟಿ’ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ರಬ್ಬರ್ ಓಡದೆ ಇದ್ದರೂ ಒಣಗಿ ಗಟ್ಟಿಯಾಗುತ್ತದೆ. ಗೀರು ಹೊಸದರಂತಿದ್ದರೂ ಪಕ್ಕದಲ್ಲಿ ಕೂದಲೆಳೆಯ ಬಿರುಕು ಕಂಡರೆ ಅದನ್ನು ನಂಬಬೇಡಿ. ನಿಮ್ಮ ಸ್ಟೆಪ್ನಿಯ ಅಂಕಿಯನ್ನಂತೂ ಮೊದಲು ಓದಿ. ಕಾರಿನಷ್ಟೇ ವಯಸ್ಸಾಗಿರಬಹುದು.

ಉಳಿದ ಮೂರು ಅರ್ಧಕ್ಕಿಂತ ಜಾಸ್ತಿ ಸವೆದಿದ್ದರೆ ಎರಡು ಹೊಸದು ಹಾಕಿಸಿ, ಒಂದು ಬೇಡ. ಒಂದೇ ಆಕ್ಸಲಿನ, ಅಂದರೆ ಮುಂದಿನ ಜೋಡಿಯ ಅಥವಾ ಹಿಂದಿನ ಜೋಡಿಯ, ಎರಡು ಟೈರು ಒಂದೇ ರೀತಿ ಇರಬೇಕು. ಆ ಎರಡನ್ನು ಎಲ್ಲಿ ಹಾಕಬೇಕು ಅನ್ನುವುದರಲ್ಲಿ ಜಗಳವೇ ಆಗುತ್ತದೆ. ಎಂಜಿನ್ ಮುಂದಿದೆ, ಸ್ಟೀರಿಂಗ್ ಮುಂದಿದೆ, ಹೊಸದೂ ಮುಂದಿರಲಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಹಿಂದಕ್ಕೆ ಹಾಕಿ ಅನ್ನುತ್ತೇನೆ. ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಹಿಡಿತ ತಪ್ಪಿದರೆ ಕಾರು ನೇರಕ್ಕೆ ಜಾರುತ್ತದೆ, ವೇಗ ಇಳಿದಂತೆ ಮತ್ತೆ ನಿಮ್ಮ ಮಾತು ಕೇಳುತ್ತದೆ. ಹಿಂದಿನದು ತಪ್ಪಿದರೆ ಕಾರಿನ ಬಾಲವೇ ತಿರುಗಿ ಬುಗುರಿಯಾಗುತ್ತದೆ. ಅದನ್ನು ಹಿಡಿಯುವುದು ನಮ್ಮ ನಿಮ್ಮಂಥವರ ಕೈಲಿ ಆಗುವುದಿಲ್ಲ. ನಾಲ್ಕೂ ಚಕ್ರದಿಂದ ಓಡುವ ಕಾರಾದರೆ ಲೆಕ್ಕ ಬೇರೆ. ಅಲ್ಲಿ ನಾಲ್ಕರ ಸುತ್ತಳತೆಯೂ ಹೊಂದಬೇಕು, ಪುಸ್ತಕ ನೋಡಿ.

ಅಳತೆ ಬದಲಾಯಿಸಲು ಹೋಗಬೇಡಿ. 185/65 ಆರ್15 88ಎಚ್ ಅಂತ ಬರೆದಿದ್ದರೆ ಅಗಲ 185 ಮಿ.ಮೀ., ಗೋಡೆಯ ಎತ್ತರ ಅಗಲದ ಶೇ 65, ಆರ್ ಅಂದರೆ ರೇಡಿಯಲ್ ಟೈರು, ರಿಮ್ 15 ಇಂಚು. 88 ಅನ್ನುವುದು ಒಂದು ಟೈರು 560 ಕೆ.ಜಿ. ಹೊರಬಲ್ಲದು ಅನ್ನುವುದರ ಸಂಕೇತ. ಎಚ್ ಅಂದರೆ 210 ಕಿ.ಮೀ. ವೇಗದವರೆಗೆ ತಡೆಯುತ್ತದೆ. ಹೊಸದರಲ್ಲಿ ಕೊನೆಯ ಎರಡು ಗುರುತು ಹಳೆಯದಕ್ಕಿಂತ ಕಡಿಮೆ ಇರಬಾರದು.

ಇನ್ನು ನೋಡಿಕೊಳ್ಳುವ ಮಾತು. ತಿಂಗಳಿಗೊಮ್ಮೆ ಗಾಳಿ ನೋಡುವುದು, ಸ್ಟೆಪ್ನಿ ಸೇರಿ ಐದಕ್ಕೂ. ಇದೊಂದನ್ನೇ ಮಾಡಿದರೂ ನಿಮ್ಮ ಟೈರಿನ ತಲೆನೋವು ಬಹಳಷ್ಟು ಹೋಗುತ್ತದೆ. ಎಷ್ಟು ಗಾಳಿ ಅನ್ನುವುದು ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕರ್‌ನಲ್ಲಿದೆ. ಟೈರಿನ ಮೇಲೆ ಬರೆದಿರುವುದು ಆ ಟೈರು ತಡೆಯುವ ಅತಿ ಹೆಚ್ಚಿನ ಅಂಕಿ, ನಿಮಗೆ ಬೇಕಾದ್ದಲ್ಲ. ಬೆಳಿಗ್ಗೆ ಓಡಿಸುವ ಮೊದಲು ನೋಡಿ. ಓಡಿದ ಮೇಲೆ ಟೈರು ಬಿಸಿಯಾಗಿ ನಾಲ್ಕೈದು ಪಿಎಸ್‌ಐ ಏರಿರುತ್ತದೆ. ಅದನ್ನು ಕಂಡು ಗಾಳಿ ಬಿಟ್ಟರೆ ತಣ್ಣಗಾದಾಗ ಕಡಿಮೆಯಾಗುತ್ತದೆ. ಬಿಸಿಲುಗಾಲದಲ್ಲಿ ‘ಟೈರು ಸಿಡಿಯುತ್ತೆ’ ಅಂತ ಬೇಕೆಂದೇ ಗಾಳಿ ಕಡಿಮೆ ಮಾಡುವವರನ್ನು ನೋಡಿದ್ದೇನೆ. ಇದು ಪೂರ್ತಿ ಉಲ್ಟಾ. ಗಾಳಿ ಕಡಿಮೆಯಾದಷ್ಟೂ ಗೋಡೆ ಜಾಸ್ತಿ ಬಾಗುತ್ತದೆ, ಬಾಗಿದಷ್ಟೂ ಬಿಸಿ, ಆ ಬಿಸಿಗೇ ಸಿಡಿಯುವುದು. ಡ್ಯಾಶ್‌ಬೋರ್ಡಿನ ಗಾಳಿ ದೀಪವನ್ನೇ ನಂಬಿ ಕೂರಬೇಡಿ. ಕೆಲವು ಕಾರುಗಳಲ್ಲಿ ಅದು ಹೊತ್ತುವುದು ಕಾಲು ಭಾಗ ಗಾಳಿ ಹೋದ ಮೇಲೆ. ನೈಟ್ರೋಜನ್ ಹಾಕಿಸಬೇಕಾ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಗೊತ್ತು. ನಾವು ಉಸಿರಾಡುವ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ. ಹಾಕಿಸಿದರೆ ನಷ್ಟವಿಲ್ಲ. ಹಾಕಿಸಿದ್ದೇನೆ ಅಂತ ಗಾಳಿ ನೋಡುವುದನ್ನು ಬಿಟ್ಟರೆ ನಷ್ಟ.

ಗಾಳಿ ನೋಡಲು ಕೂತಾಗ ಟೈರಿನ ಮೈ ಮೇಲೂ ಕೈಯಾಡಿಸಿ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ. ನಡು ಮಾತ್ರ ಸವೆದಿದ್ದರೆ ಜಾಸ್ತಿ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್, ಅಂದರೆ ಚಕ್ರ ನಿಂತಿರುವ ಕೋನ, ತಪ್ಪಿದೆ. ಅಲ್ಲಲ್ಲಿ ತಗ್ಗು ದಿಣ್ಣೆ ಆಗಿದ್ದರೆ ಶಾಕ್ ಅಬ್ಸಾರ್ಬರ್ ಸೋತಿರಬಹುದು. 8-10 ಸಾವಿರ ಕಿ.ಮೀ.ಗೊಮ್ಮೆ ಮುಂದಿನದು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಮಾಡಿಸಿದರೆ ಸವೆತ ಸಮವಾಗುತ್ತದೆ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಎಂಜಿನ್ ನಿಲ್ಲಿಸಿ ಹತ್ತು ನಿಮಿಷದ ಮೇಲೆ ಆಯಿಲ್ ಕಡ್ಡಿ ಎಳೆದು, ಒರೆಸಿ, ಮತ್ತೆ ಹಾಕಿ ನೋಡಿ. ಎರಡು ಗುರುತಿನ ನಡುವೆ ಇರಬೇಕು. ಮೇಲಿನ ಗುರುತು ದಾಟಿಸಿ ತುಂಬುವುದೂ ತಪ್ಪೇ. ಕೂಲೆಂಟ್ ಡಬ್ಬಿಯ ಮಟ್ಟ ನೋಡಿ. ಎಂಜಿನ್ ಬಿಸಿ ಇರುವಾಗ ಮುಚ್ಚಳ ತೆಗೆದರೆ ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಕೂಲೆಂಟ್ ಪದೇ ಪದೇ ಇಳಿದರೆ ಬರೀ ನೀರು ತುಂಬಿ ಸುಮ್ಮನಾಗಬೇಡಿ, ಎಲ್ಲೋ ಸೋರುತ್ತಿದೆ. ಬ್ರೇಕ್ ಆಯಿಲ್ ಇಳಿದಿದ್ದರೆ ಪ್ಯಾಡ್ ಸವೆದಿರಬಹುದು, ಇಲ್ಲವೇ ಸೋರುತ್ತಿರಬಹುದು. ಅದು ಗಾಳಿಯ ತೇವ ಹೀರಿಕೊಳ್ಳುವ ದ್ರವ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ತೇವ ಸೇರಿದ ಬ್ರೇಕ್ ಆಯಿಲ್ ಉದ್ದನೆಯ ಇಳಿಜಾರಿನಲ್ಲಿ ಬಿಸಿಯಾಗಿ ಕುದಿದರೆ ಪೆಡಲ್ ಮೆತ್ತಗಾಗಿ ಕೆಳಗೆ ಹೋಗಿಬಿಡುತ್ತದೆ. ರಾತ್ರಿಯಿಡೀ ನಿಂತಿದ್ದ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಅಂದರೆ ಅರ್ಧ. ಇನ್ನು ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ವಿಚಾರಿಸಲೇಬೇಕಾದ್ದು ಟೈಮಿಂಗ್ ಬೆಲ್ಟ್, ಅಂದರೆ ಎಂಜಿನ್ನಿನ ವಾಲ್ವುಗಳನ್ನು ಪಿಸ್ಟನ್‌ಗೆ ಹೊಂದಿಸಿ ನಡೆಸುವ ಪಟ್ಟಿ. ನಿಮ್ಮ ಎಂಜಿನ್‌ಗೆ ಬೆಲ್ಟ್ ಇದೆಯೋ ಚೈನ್ ಇದೆಯೋ, ಬೆಲ್ಟ್ ಆದರೆ ಯಾವಾಗ ಬದಲಾಯಿಸಿದ್ದು ಅಂತ ಕೇಳಿ. ದಾಖಲೆ ಇಲ್ಲದಿದ್ದರೆ ಬದಲಾಯಿಸಿಲ್ಲ ಅಂತಲೇ ತಿಳಿದುಕೊಳ್ಳಿ. ಅದು ಓಡುವಾಗ ಹರಿದರೆ ಎಷ್ಟೋ ಎಂಜಿನ್‌ಗಳಲ್ಲಿ ವಾಲ್ವ್ ಪಿಸ್ಟನ್‌ಗೆ ಬಡಿದು ಎಂಜಿನ್ನೇ ಬಿಚ್ಚಬೇಕಾಗುತ್ತದೆ.

ಹೊಸ ಟೈರು ಹಾಕಿಸಿದ ಮೇಲೆ, ಒಂದು ರಜಾ ದಿನ, ಹಗಲು ಹೊತ್ತಿನಲ್ಲಿ, ಮನೆ ಮುಂದೆ ಒಂದು ಚಕ್ರ ಬಿಚ್ಚಿ ಮತ್ತೆ ಹಾಕಿ ನೋಡಿ. ಯಾವ ನಟ್ಟು ಹಟ ಹಿಡಿಯುತ್ತದೆ, ನಿಮ್ಮ ಪಾನಾ ಅದಕ್ಕೆ ಸಾಲುತ್ತದೆಯೇ, ಅರ್ಧ ಮೀಟರಿನ ಉದ್ದ ಪಾನಾ ಬೇಕೇ ಅಂತ ಅಲ್ಲೇ ಗೊತ್ತಾಗುತ್ತದೆ. ಅಲಾಯ್ ಚಕ್ರವಾದರೆ ಒಂದು ನಟ್ಟಿಗೆ ಬೇರೆಯದೇ ಲಾಕ್ ಇರಬಹುದು, ಅದರ ಕೀ ಇಲ್ಲದೆ ಬಿಚ್ಚಲಾಗದು. ಆ ಕೀಯನ್ನೂ ಜಾಕ್ ತಿರುಗಿಸುವ ಕಡ್ಡಿಯನ್ನೂ ಹಳೇ ಮಾಲೀಕರು ತಮ್ಮ ಮನೆಯ ಯಾವುದೋ ಡ್ರಾಯರಿನಲ್ಲಿ ಇಟ್ಟು ಮರೆತಿರುವುದು ನಾನು ಎಷ್ಟೋ ಸಲ ಕಂಡ ಸಂಗತಿ. ಕಾರು ಕೊಟ್ಟವರ ಫೋನ್ ನಂಬರ್ ಇನ್ನೂ ಇದ್ದರೆ ಒಂದು ಸಲ ಕೇಳಿನೋಡಿ.